ಮ್ಯೂಸಿಯಂ ತಾಣದ ಚಿತ್ರ ಬಳಸುವ ಮುಂಚೆ ಏನೇನು ನೋಡಬೇಕು?

"ಈ ವೆಬ್‌ಸೈಟ್ ನಂಬಬಹುದಾ?" "ಈ ಚಿತ್ರವನ್ನು ನನ್ನ ಪ್ರಬಂಧಕ್ಕೆ ಹಾಕಿದರೆ ತೊಂದರೆ ಆಗುತ್ತಾ?" "ಡೌನ್‌ಲೋಡ್ ಬಟನ್ ಕೊಟ್ಟಿದ್ದಾರೆ, ಅಂದ್ರೆ ಬಳಸಬಹುದು ಅಂತ ತಾನೇ?" ಕಲೆಯ ಬಗ್ಗೆ ಸಂಶೋಧನೆ ಮಾಡುವವರು, ಮ್ಯೂಸಿಯಂಗಳಲ್ಲಿ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲಿಗೆ ಓಪನ್ ಆಕ್ಸೆಸ್ ಅಂದರೇನು ಅಂತ ನೋಡಿಬಿಡೋಣ. ದುಡ್ಡು ಕೊಡದೆ ನೋಡಲು ಸಿಗುವುದಷ್ಟೇ ಓಪನ್ ಆಕ್ಸೆಸ್ ಅಲ್ಲ. ಇಳಿಸಿಕೊಳ್ಳಲು, ಮತ್ತೆ ಬಳಸಲು, ಹಂಚಲು ಅನುಮತಿಯೂ ಜೊತೆಗೇ ಸಿಕ್ಕಿರಬೇಕು. ಈ ಅನುಮತಿ ಇಡೀ ತಾಣಕ್ಕೆ ಒಂದೇ ಆಗಿರುವುದು ಅಪರೂಪ. ಕೃತಿಯಿಂದ ಕೃತಿಗೆ ಬದಲಾಗುತ್ತದೆ. ಹಾಗಾಗಿ ತಾಣದ ಹೆಸರು ಎಷ್ಟೇ ದೊಡ್ಡದಿರಲಿ, ನೀವು ತೂಗಿ ನೋಡಬೇಕಾದದ್ದು ನಿಮಗೆ ಬೇಕಾದ ಆ ಒಂದು ಕೃತಿಯ ದಾಖಲೆ ಪುಟವನ್ನು. ಇಡೀ ಲೇಖನ ನಿಂತಿರುವುದು ಈ ಮಾತಿನ ಮೇಲೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಬ್ರೌಸರ್, ಒಂದು ಸ್ಪ್ರೆಡ್‌ಶೀಟ್, ಸ್ವಲ್ಪ ತಾಳ್ಮೆ. ಸ್ಪ್ರೆಡ್‌ಶೀಟನ್ನು ಈಗಲೇ ತೆರೆದಿಟ್ಟುಕೊಳ್ಳಿ. ಕೊನೆಯಲ್ಲಿ ತುಂಬಿಸೋಣ ಅಂದುಕೊಂಡರೆ ಅದು ಆಗುವುದಿಲ್ಲ.

1. ಮೊದಲು ನಿಮ್ಮ ಬಳಕೆ ಏನು ಅಂತ ಬರೆದುಕೊಳ್ಳಿ

ತರಗತಿಯಲ್ಲಿ ತೋರಿಸಲಿಕ್ಕಾ? ಪ್ರಬಂಧಕ್ಕಾ? ಮಾರಾಟಕ್ಕಿರುವ ಪುಸ್ತಕಕ್ಕಾ? ಪ್ರದರ್ಶನದ ಗೋಡೆಗೆ ದೊಡ್ಡದಾಗಿ ಮುದ್ರಿಸಲಿಕ್ಕಾ? ಒಂದೇ ವಾಕ್ಯ ಸಾಕು, ಆದರೆ ಬರೆಯಲೇಬೇಕು. ಒಂದೇ ಚಿತ್ರ ತರಗತಿಗೆ ಸರಿಹೊಂದಿ, ಪುಸ್ತಕಕ್ಕೆ ಕಾನೂನಿನ ತೊಡಕಾಗಬಹುದು. ಗೋಡೆಗೆ ಹಿಗ್ಗಿಸಿದರೆ ಮಸುಕಾಗಬಹುದು.

2. ತಾಣವನ್ನು ನಡೆಸುವವರು ಯಾರು ಅಂತ ನೋಡಿ

ಇಲ್ಲಿ ನಾಲ್ಕು ಬಗೆ ಕಾಣಿಸುತ್ತವೆ. ಒಂದು, ಕೃತಿಯನ್ನು ತನ್ನ ಬಳಿಯೇ ಇಟ್ಟುಕೊಂಡಿರುವ ಮ್ಯೂಸಿಯಂನ ಸ್ವಂತ ತಾಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ (ಎಲ್ಲರೂ ಮೆಟ್ ಅನ್ನುತ್ತಾರೆ), ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ ಈ ಗುಂಪಿನವು. ಎರಡು, ಹಲವು ಸಂಸ್ಥೆಗಳ ದಾಖಲೆಗಳನ್ನು ಒಟ್ಟುಗೂಡಿಸಿ ಹುಡುಕಲು ಕೊಡುವ ತಾಣಗಳು. 2008ರಲ್ಲಿ ಶುರುವಾದ ಯೂರೋಪಿಯಾನ ಇಂಥದ್ದು. ಮೂರು, ಸ್ವಯಂಸೇವಕರು ಕಟ್ಟಿದ ವಿಕಿಮೀಡಿಯ ಕಾಮನ್ಸ್‌ನಂಥವು. ನಾಲ್ಕು, ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಂತೆ ಕಂಪನಿಗಳು ನಡೆಸುವವು. ಕಣ್ಣಿಟ್ಟು ನೋಡಲು ಈ ಕೊನೆಯದು ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಕಾಣುವ ಚಿತ್ರಗಳ ಹಕ್ಕು ಆಯಾ ಮ್ಯೂಸಿಯಂಗಳ ಕೈಯಲ್ಲೇ ಇರುತ್ತದೆ. ಅದನ್ನು ಓಪನ್ ಆಕ್ಸೆಸ್ ಅಂದುಕೊಳ್ಳಬೇಡಿ.

ಹುಡುಕಾಟಕ್ಕೆ ನಾಲ್ಕೂ ಬಗೆಯನ್ನು ಧಾರಾಳವಾಗಿ ಬಳಸಿ. ಉಲ್ಲೇಖಿಸುವಾಗ ಮತ್ತು ಚಿತ್ರ ಇಳಿಸಿಕೊಳ್ಳುವಾಗ ಮಾತ್ರ ಮೊದಲನೆಯದಕ್ಕೇ ಹೋಗಿ. ಕೃತಿ ಇರುವ ಮನೆಯ ಪುಟವೇ ಮೂಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 17ನೇ ಶತಮಾನದ ಡಚ್ ಕಲಾವಿದ ವರ್ಮೀರ್ ಬರೆದ, ಹಾಲು ಸುರಿಯುವ ಹೆಂಗಸಿನ ಚಿತ್ರ ರೈಕ್ಸ್‌ಮ್ಯೂಸಿಯಂನಲ್ಲಿದೆ. ಇಂಟರ್ನೆಟ್ಟಿನಲ್ಲಿ ಅದರ ಹಳದಿಗಟ್ಟಿದ ಕಳಪೆ ಪ್ರತಿಗಳು ಸಾವಿರಾರು ಹರಡಿದ್ದವು. ಎಷ್ಟರ ಮಟ್ಟಿಗೆ ಅಂದರೆ, ಮ್ಯೂಸಿಯಂನ ಅಂಗಡಿಯಲ್ಲಿ ಸರಿಯಾದ ಬಣ್ಣದ ಪೋಸ್ಟ್‌ಕಾರ್ಡ್ ನೋಡಿದ ಜನ ಅದು ಮೂಲದ ಹಾಗಿದೆ ಅಂತ ನಂಬುತ್ತಲೇ ಇರಲಿಲ್ಲ. ಒಳ್ಳೆಯ ಗುಣಮಟ್ಟದ ಚಿತ್ರವನ್ನು ತಾವೇ ಮುಕ್ತವಾಗಿ ಕೊಡುವುದೇ ಇದಕ್ಕೆ ಪರಿಹಾರ ಅಂತ ಮ್ಯೂಸಿಯಂ ತೀರ್ಮಾನಿಸಲು ಇದೂ ಒಂದು ಕಾರಣವಾಯಿತು. 2012ರಲ್ಲಿ ಚಿತ್ರಗಳನ್ನು ಇಳಿಸಿಕೊಳ್ಳಲು ಬಿಡುವ ಅದರ ಆನ್‌ಲೈನ್ ತಾಣ ರೈಕ್ಸ್‌ಸ್ಟುಡಿಯೊ ಶುರುವಾದಾಗ 1,25,000 ಕೃತಿಗಳು ಒಮ್ಮೆಲೇ ಸಿಕ್ಕವು.

ಎಚ್ಚರಿಕೆ: ಇಮೇಜ್ ಸರ್ಚ್‌ನಲ್ಲಿ ಮೊದಲು ಬಂದ ಚಿತ್ರವನ್ನು ಎತ್ತಿಕೊಳ್ಳಬೇಡಿ. ಈಗ ಎಐ ತಯಾರಿಸಿದ ನಕಲುಗಳೂ ಪ್ರಸಿದ್ಧ ಕೃತಿಗಳ ನಡುವೆ ಬೆರೆತು ಬರುತ್ತವೆ. ಮ್ಯೂಸಿಯಂನ ಪುಟದವರೆಗೆ ದಾರಿ ಸಿಗದಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ.

3. ಹಕ್ಕುಗಳನ್ನು ಎರಡು ಪದರವಾಗಿ ಓದಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಚಿತ್ರದಲ್ಲಿ ಎರಡು ಹಕ್ಕುಗಳ ಪ್ರಶ್ನೆ ಅಡಗಿರುತ್ತದೆ. ಮೊದಲನೆಯದು ಮೂಲ ಕೃತಿಯದು, ಎರಡನೆಯದು ಅದರ ಫೋಟೊದ್ದು.

ಮೂಲ ಕೃತಿಯ ಕಾಪಿರೈಟ್ ಕಲಾವಿದ ತೀರಿಕೊಂಡ ಮೇಲೂ ಇಷ್ಟು ವರ್ಷ ಅಂತ ಇರುತ್ತದೆ. ಭಾರತದಲ್ಲಿ 60 ವರ್ಷ, ಯೂರೋಪಿನ ಒಕ್ಕೂಟದ ದೇಶಗಳಲ್ಲಿ 70. ಅಮೆರಿಕದಲ್ಲಿ ಹಳೆಯ ಪ್ರಕಟಿತ ಕೃತಿಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಎಣಿಸುವ ಪದ್ಧತಿಯೂ ಇದೆ. ಪಿಕಾಸೊ ತೀರಿಕೊಂಡದ್ದು 1973ರಲ್ಲಿ. 70 ವರ್ಷದ ಲೆಕ್ಕ ಹಿಡಿದರೆ ಅವನ ಕೃತಿಗಳ ಹಕ್ಕು 2043ರ ಕೊನೆಯವರೆಗೆ ಬರುತ್ತದೆ, 60ರ ಲೆಕ್ಕದಲ್ಲಿ 2033ರ ಕೊನೆಯವರೆಗೆ. ಅವಧಿ ಮುಗಿದ ಕೃತಿಗಳನ್ನು ಪಬ್ಲಿಕ್ ಡೊಮೇನ್ ಅನ್ನುತ್ತಾರೆ, ಅಂದರೆ ಎಲ್ಲರ ಸ್ವತ್ತು. ಅದೇ ಕೃತಿ ಒಂದು ದೇಶದಲ್ಲಿ ಎಲ್ಲರ ಸ್ವತ್ತಾಗಿ, ಇನ್ನೊಂದು ದೇಶದಲ್ಲಿ ಆಗದೆಯೂ ಇರಬಹುದು. ನೀವು ಎಲ್ಲಿ ಪ್ರಕಟಿಸುತ್ತೀರಿ ಅನ್ನುವುದು ಮುಖ್ಯ.

ಇನ್ನು ಫೋಟೊ. 300 ವರ್ಷ ಹಳೆಯ ಚಿತ್ರದ ಹೊಸ ಫೋಟೊ ಮೇಲೆ ಮ್ಯೂಸಿಯಂ ಹಕ್ಕು ಸಾಧಿಸಬಹುದಾ? 1999ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು ಬ್ರಿಜ್‌ಮನ್ ಮತ್ತು ಕೋರೆಲ್ ನಡುವಿನ ಮೊಕದ್ದಮೆಯಲ್ಲಿ, ಸಪಾಟಾದ ಚಿತ್ರವೊಂದರ ಯಥಾವತ್ತು ಫೋಟೊಕ್ಕೆ ಹೊಸ ಕಾಪಿರೈಟ್ ಹುಟ್ಟುವುದಿಲ್ಲ ಅಂತ ಹೇಳಿತು. ಯೂರೋಪಿನ ಒಕ್ಕೂಟ 2019ರ ಕಾಪಿರೈಟ್ ನಿರ್ದೇಶನದ 14ನೇ ವಿಧಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದಿದೆ. ಹಾಗಂತ ಎಲ್ಲ ದೇಶದ ಕಾನೂನೂ ಒಂದೇ ಅಲ್ಲ. ಶಿಲ್ಪದ ಫೋಟೊ ಬೇರೆಯೇ ವಿಷಯ. ಅಲ್ಲಿ ಬೆಳಕು, ಕೋನ ಎಲ್ಲ ಛಾಯಾಗ್ರಾಹಕನ ಆಯ್ಕೆ. ಜೊತೆಗೆ ತಾಣದ ಬಳಕೆಯ ಕರಾರು ಕಾಪಿರೈಟ್ ಇಲ್ಲದ ಕಡೆಯೂ ನಿಮ್ಮನ್ನು ಕಟ್ಟಿಹಾಕಬಹುದು. ಅದನ್ನೂ ಓದಿ.

ದಾಖಲೆ ಪುಟದಲ್ಲಿ ಕಾಣುವ ಗುರುತುಗಳು ಇವು. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್, ಬಳಕೆಗೆ ಮುಂಚೆಯೇ ಅನುಮತಿ ಕೊಡುವ ಸಿದ್ಧ ಲೈಸೆನ್ಸುಗಳು. ಸಿಸಿ ಝೀರೊ (CC0) ಅಂದರೆ ಏನು ಬೇಕಾದರೂ ಮಾಡಿ, ಯಾರನ್ನೂ ಕೇಳಬೇಕಿಲ್ಲ. ಸಿಸಿ ಬೈ ಅಂದರೆ ಹೆಸರು ಹಾಕಿ ಬಳಸಿ. ಅದರ ಜೊತೆ ಎಸ್‌ಎ ಇದ್ದರೆ ನೀವು ಅದರಿಂದ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಇದ್ದರೆ ಬದಲಾವಣೆ ಮಾಡಿದ್ದನ್ನು ಹಂಚುವಂತಿಲ್ಲ. ಇವಲ್ಲದೆ 2016ರಿಂದ ಬಳಕೆಯಲ್ಲಿರುವ 12 ಹಕ್ಕು ಹೇಳಿಕೆಗಳ ಒಂದು ಸೆಟ್ ಇದೆ. ಯೂರೋಪಿಯಾನದಂಥ ತಾಣಗಳಲ್ಲಿ ನೋಡಬಹುದು. ಅವುಗಳಲ್ಲಿ "ಕಾಪಿರೈಟ್ ಪರಿಶೀಲಿಸಿಲ್ಲ" ಅನ್ನುವುದೂ ಒಂದು. ಅದನ್ನು "ಕಾಪಿರೈಟ್ ಇಲ್ಲ" ಅಂತ ಓದಿಕೊಂಡು ಮುಂದೆ ಹೋದವರು ಬಹಳ ಜನ.

ದೊಡ್ಡ ಮ್ಯೂಸಿಯಂಗಳ ನಡುವೆಯೇ ಎಷ್ಟು ವ್ಯತ್ಯಾಸ ಇದೆ ನೋಡಿ. ಮೆಟ್ 2017ರ ಫೆಬ್ರವರಿಯಲ್ಲಿ ಸುಮಾರು 3,75,000 ಚಿತ್ರಗಳನ್ನು ಸಿಸಿ ಝೀರೊ ಅಡಿಯಲ್ಲಿ ಬಿಟ್ಟಿತು. ಅಮೆರಿಕದ ಮ್ಯೂಸಿಯಂಗಳ ಸಮೂಹವಾದ ಸ್ಮಿತ್‌ಸೋನಿಯನ್ 2020ರಲ್ಲಿ 28 ಲಕ್ಷದೊಂದಿಗೆ ಶುರುಮಾಡಿತು. ಬ್ರಿಟಿಷ್ ಮ್ಯೂಸಿಯಂ ತನ್ನ ಚಿತ್ರಗಳನ್ನು ಕೊಡುವುದು ಎನ್‌ಸಿ ಷರತ್ತಿನ ಜೊತೆ. ಅಂದರೆ ಮಾರಾಟದ ಪುಸ್ತಕಕ್ಕೆ ಬೇಕಾದರೆ ಬೇರೆ ಅನುಮತಿ ಕೇಳಬೇಕು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಸಂಗ್ರಹದ ಮಾಹಿತಿಯನ್ನೆಲ್ಲ ಗಿಟ್‌ಹಬ್‌ನಲ್ಲಿ (ಕೋಡ್, ಡೇಟಾ ಹಂಚುವ ತಾಣ) ಸಿಸಿ ಝೀರೊ ಆಗಿ ಇಟ್ಟಿದೆ, ಆದರೆ ಅದರಲ್ಲಿ ಚಿತ್ರಗಳು ಸೇರಿಲ್ಲ. ಮಾಹಿತಿಯ ಲೈಸೆನ್ಸ್ ಬೇರೆ, ಚಿತ್ರದ ಲೈಸೆನ್ಸ್ ಬೇರೆ.

ಕಾಪಿರೈಟ್ ಮುಗಿದ ಕೂಡಲೇ ಜವಾಬ್ದಾರಿ ಮುಗಿಯುವುದಿಲ್ಲ ಅಂತಲೂ ಹೇಳಬೇಕು. ಒಂದು ಸಮುದಾಯ ಎಲ್ಲರಿಗೂ ತೋರಿಸದ ಪೂಜಾವಸ್ತು, ಒಪ್ಪಿಗೆ ಕೇಳದೆ ತೆಗೆದ ಜನರ ಹಳೆಯ ಫೋಟೊ, ಮನುಷ್ಯರ ಅವಶೇಷ ಇವೆಲ್ಲ ಕಾನೂನಿನ ಪ್ರಕಾರ ಬಳಸಬಹುದಾದರೂ ಬಳಸಬಾರದ ಸಂದರ್ಭಗಳಿವೆ. ಪುಟದಲ್ಲಿ ಇಂಥ ಸೂಚನೆ ಇದ್ದರೆ ದಯವಿಟ್ಟು ಗೌರವಿಸಿ.

4. ದಾಖಲೆ ಪುಟವನ್ನು ಸಾಲುಸಾಲಾಗಿ ಓದಿ

ಒಂದು ಉದಾಹರಣೆ ಹಿಡಿದೇ ನೋಡೋಣ. ಜಪಾನಿನ ಕಲಾವಿದ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ಎಲ್ಲರಿಗೂ ಗೊತ್ತು. ಮೆಟ್ ತಾಣದಲ್ಲಿ ಜೆಪಿ1847 (JP1847) ಅಂತ ಹುಡುಕಿದರೆ ಅದರ ಪುಟ ಸಿಗುತ್ತದೆ. ಇದು ಆಕ್ಸೆಷನ್ ನಂಬರ್. ಸಂಗ್ರಹಕ್ಕೆ ಸೇರಿದ ಪ್ರತಿ ವಸ್ತುವಿಗೂ ಮ್ಯೂಸಿಯಂ ಕೊಡುವ ಗುರುತಿನ ಸಂಖ್ಯೆ. ಕಾಲ "ಸುಮಾರು 1830–32" ಅಂತಿದೆ. "ಸುಮಾರು" ಅನ್ನುವುದನ್ನು ಬಿಟ್ಟು ಬರೆದರೆ ನೀವೇ ಹೊಸ ತಪ್ಪೊಂದನ್ನು ಸೃಷ್ಟಿಸಿದ ಹಾಗೆ. ಕೆಳಗೆ ಕ್ರೆಡಿಟ್ ಸಾಲಿನಲ್ಲಿ ಇದು ಹ್ಯಾವೆಮೆಯರ್ ಸಂಗ್ರಹದಿಂದ 1929ರಲ್ಲಿ ಉಯಿಲಿನ ಮೂಲಕ ಬಂದದ್ದು ಅಂತಿದೆ. ಒಂದು ಸಾಲಿನಲ್ಲೇ ಕೃತಿ ಹೇಗೆ ಬಂತು, ಯಾವಾಗ ಬಂತು ಎರಡೂ ಸಿಕ್ಕಿತು.

ಈಗ ಶಿಕಾಗೊ ತಾಣಕ್ಕೆ ಹೋಗಿ. ಅಲ್ಲೂ ಇದೇ ಅಲೆ ಇದೆ, ಒಂದಲ್ಲ, ಮೂರು ಪ್ರತಿ. ಕಾಲವನ್ನು ಅವರು 1830/33 ಅಂತ ಬರೆಯುತ್ತಾರೆ. ಯಾರು ಸರಿ? ಇಬ್ಬರೂ ತಪ್ಪಲ್ಲ. ಇದು ಮರದ ಅಚ್ಚಿನಿಂದ ತೆಗೆದ ಮುದ್ರಣ. ಒಂದೇ ಅಚ್ಚಿನಿಂದ ಅನೇಕ ಪ್ರತಿಗಳು ಬಂದಿವೆ, ಕಾಲವನ್ನು ಅಂದಾಜು ಮಾಡುವ ಪದ್ಧತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಪ್ರತಿಗಳೂ ಒಂದರಂತೆ ಒಂದಿಲ್ಲ. ಎಡಗಡೆ ಮೇಲೆ ಶೀರ್ಷಿಕೆ ಬರೆದ ಚೌಕಟ್ಟನ್ನು ಹಿಗ್ಗಿಸಿ ನೋಡಿ. ಅಚ್ಚು ಸವೆದ ಮೇಲೆ ತೆಗೆದ ಪ್ರತಿಗಳಲ್ಲಿ ಅದರ ಗೆರೆ ಮುರಿದಿರುತ್ತದೆ. ಆಕಾಶದ ತೆಳು ಗುಲಾಬಿ ಬಣ್ಣ ಕೆಲವದರಲ್ಲಿ ಉಳಿದಿದೆ, ಕೆಲವದರಲ್ಲಿ ಮಾಸಿಹೋಗಿದೆ. ಆದ್ದರಿಂದ ಸುಮ್ನೆ "ಹೊಕುಸಾಯ್‌ನ ಅಲೆ" ಅಂತ ಬರೆದರೆ ಸಂಶೋಧನೆಗೆ ಸಾಲದು. ಯಾವ ಪ್ರತಿ, ಎಲ್ಲಿಯದು, ಯಾವ ಸಂಖ್ಯೆ ಎಲ್ಲವೂ ಬೇಕು.

ಕಲಾವಿದನ ಹೆಸರಿನ ಪಕ್ಕದ ಚಿಕ್ಕ ಪದಗಳು ಇನ್ನೂ ಮುಖ್ಯ. "ಇವರದೆನ್ನಲಾದ" ಅಂದರೆ ತಜ್ಞರಿಗೆ ಬಹುತೇಕ ನಂಬಿಕೆಯಿದೆ, ಪೂರ್ತಿ ಖಾತ್ರಿಯಿಲ್ಲ. "ಕಾರ್ಯಾಗಾರದ್ದು" ಅಂದರೆ ಗುರುವಿನ ಕಣ್ಣೆದುರು ಶಿಷ್ಯರೋ ಸಹಾಯಕರೋ ಮಾಡಿದ್ದು. "ವಲಯದ್ದು" ಅಂದರೆ ಅವನ ಕಾಲದಲ್ಲೇ ಅವನ ಪ್ರಭಾವದಲ್ಲಿದ್ದ ಯಾರೋ. "ಇವರನ್ನು ಅನುಸರಿಸಿ" ಅಂದರೆ ಗೊತ್ತಿರುವ ಒಂದು ಕೃತಿಯ ನಕಲು. ಪಟ್ಟಿಗಳಲ್ಲಿ, ಹುಡುಕಾಟದ ಫಲಿತಾಂಶಗಳಲ್ಲಿ ಈ ಪದಗಳು ಉದುರಿಹೋಗಿ ಬರೀ ದೊಡ್ಡ ಹೆಸರು ಉಳಿಯುವುದುಂಟು.

ಈ ಪದಗಳು ಬದಲಾಗುತ್ತಲೂ ಇರುತ್ತವೆ. ಕೊಳಲು ಹಿಡಿದ ಹುಡುಗಿಯ ಒಂದು ಪುಟ್ಟ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದು ವರ್ಮೀರ್ ಕೈಯದಲ್ಲ, ಅವನ ಸ್ಟುಡಿಯೊದ ಬೇರೊಬ್ಬರದು ಅಂತ ಗ್ಯಾಲರಿ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮರುವರ್ಷ ರೈಕ್ಸ್‌ಮ್ಯೂಸಿಯಂ ತನ್ನ ದೊಡ್ಡ ವರ್ಮೀರ್ ಪ್ರದರ್ಶನದಲ್ಲಿ ಅದೇ ಚಿತ್ರವನ್ನು ವರ್ಮೀರ್‌ನದೆಂದೇ ತೋರಿಸಿತು. ಎರಡೂ ಕಡೆ ಬಲ್ಲವರೇ ಇದ್ದಾರೆ. ಇಂಥ ಕಡೆ ಒಂದು ಪುಟ ನೋಡಿ ತೀರ್ಪು ಕೊಡಬೇಡಿ. ಯಾರು, ಯಾವಾಗ, ಏನು ಹೇಳಿದರು ಅಂತ ಬರೆಯಿರಿ. ಪುಟ ಕೊನೆಯ ಬಾರಿ ತಿದ್ದಿದ ದಿನಾಂಕ ಕೊಟ್ಟಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ವಿವರಣೆಯ ಕೆಳಗೆ ಗ್ರಂಥಸೂಚಿ ಇದ್ದರೆ, ಬರೆದವರ ಹೆಸರಿದ್ದರೆ, ಆ ಪುಟಕ್ಕೆ ಜಾಸ್ತಿ ತೂಕ ಕೊಡಿ.

5. ಚಿತ್ರದ ಗುಣಮಟ್ಟ ಅಳೆಯಿರಿ

ಡಿಪಿಐ, ಅಂದರೆ ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ, ನೋಡಿ ಮೋಸ ಹೋಗಬೇಡಿ. ಅದು ಫೈಲಿನ ಮೇಲೆ ಅಂಟಿಸಿದ ಒಂದು ಅಂಕಿ ಅಷ್ಟೇ. ನಿಜವಾಗಿ ನೋಡಬೇಕಾದದ್ದು ಎಷ್ಟು ಪಿಕ್ಸೆಲ್ ಅಗಲ, ಎಷ್ಟು ಪಿಕ್ಸೆಲ್ ಎತ್ತರ ಅನ್ನುವುದು. ಪುಸ್ತಕದ ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕ. 3000 ಪಿಕ್ಸೆಲ್ ಅಗಲದ ಚಿತ್ರ 10 ಇಂಚು, ಅಂದರೆ ಸುಮಾರು 25 ಸೆಂಟಿಮೀಟರ್ ಅಗಲಕ್ಕೆ ಸ್ಪಷ್ಟವಾಗಿ ಬರುತ್ತದೆ. 800 ಪಿಕ್ಸೆಲ್‌ನದು ಸ್ಲೈಡಿಗೆ ಸಾಕು, ಪುಟ ತುಂಬಿಸಲು ಸಾಲದು.

ಬಣ್ಣ ಮುಖ್ಯವಾದ ಸಂಶೋಧನೆಯಾದರೆ, ಫೋಟೊದ ಅಂಚಿನಲ್ಲಿ ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿ ಇರುವ ಪ್ರತಿ ಸಿಗುತ್ತದಾ ಕೇಳಿ. ಇವಿಲ್ಲದೆ ನೀಲಿ ಎಷ್ಟು ನೀಲಿ ಅಂತ ವಾದಿಸಲು ಆಧಾರವೇ ಇರುವುದಿಲ್ಲ. ಅಂಚು ಕತ್ತರಿಸಿದ್ದಾರಾ, ಹಿಂಬದಿಯ ಫೋಟೊ ಇದೆಯಾ ಅಂತಲೂ ನೋಡಿ. ಹಳೆಯ ಒಡೆಯರ ಮುದ್ರೆ, ಪ್ರದರ್ಶನದ ಚೀಟಿಗಳು ಇರುವುದು ಸಾಮಾನ್ಯವಾಗಿ ಹಿಂಬದಿಯಲ್ಲೇ.

ಟ್ರಿಪಲ್ ಐ ಎಫ್ (IIIF) ಅನ್ನುವ ಗುರುತು ಕಂಡರೆ ಖುಷಿಪಡಿ. ಚಿತ್ರಗಳನ್ನು ಒಂದೇ ರೀತಿಯಲ್ಲಿ ಒದಗಿಸಲು ಅನೇಕ ಸಂಸ್ಥೆಗಳು ಒಪ್ಪಿಕೊಂಡ ತಾಂತ್ರಿಕ ಕಟ್ಟುಪಾಡು ಅದು. ಬೇರೆ ಬೇರೆ ಮ್ಯೂಸಿಯಂಗಳ ಚಿತ್ರಗಳನ್ನು ಮಿರಡಾರ್‌ನಂಥ ಒಂದೇ ವೀಕ್ಷಕದಲ್ಲಿ ಅಕ್ಕಪಕ್ಕ ಇಟ್ಟು, ಹಿಗ್ಗಿಸಿ ಹೋಲಿಸಬಹುದು. ಮೇಲೆ ಹೇಳಿದ ಅಲೆಯ ಚೌಕಟ್ಟಿನ ಗೆರೆ ಹೋಲಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಇನ್ನೊಂದು ತುದಿಯಲ್ಲಿ ರೆಂಬ್ರಾಂಟ್‌ನ ರಾತ್ರಿ ಕಾವಲಿನ ಚಿತ್ರವಿದೆ. 2022ರಲ್ಲಿ ರೈಕ್ಸ್‌ಮ್ಯೂಸಿಯಂ 8,439 ಫೋಟೊಗಳನ್ನು ಹೊಲಿದು 717 ಗಿಗಾಪಿಕ್ಸೆಲ್‌ನ ಪ್ರತಿ ಕೊಟ್ಟಿತು. ಬಣ್ಣದ ಕಣಗಳು ಕಾಣುತ್ತವೆ. ಒಮ್ಮೆ ಸಮಯ ಮಾಡಿಕೊಂಡು ನೋಡಿ.

6. ಕೃತಿ ಕೈಯಿಂದ ಕೈಗೆ ಬಂದ ಕಥೆ ಓದಿ

ಇದನ್ನು ಪ್ರಾವೆನೆನ್ಸ್ ಅನ್ನುತ್ತಾರೆ. ಕೃತಿ ಹುಟ್ಟಿದಾಗಿನಿಂದ ಮ್ಯೂಸಿಯಂ ಸೇರುವವರೆಗೆ ಯಾರ ಯಾರ ಬಳಿ ಇತ್ತು ಅನ್ನುವ ಸರಣಿ. ನಡುವೆ ಖಾಲಿ ಜಾಗ ಎಲ್ಲಿದೆ ಅಂತ ಹುಡುಕಿ. ಯೂರೋಪಿನಲ್ಲಿದ್ದ ಕೃತಿಯಾದರೆ 1933ರಿಂದ 1945ರ ನಡುವೆ, ನಾಜಿಗಳು ಕೃತಿಗಳನ್ನು ಕಿತ್ತುಕೊಂಡ ಕಾಲದಲ್ಲಿ, ಎಲ್ಲಿತ್ತು? ನೆಲದಿಂದ ಅಗೆದು ತೆಗೆದ ವಸ್ತುವಾದರೆ ತನ್ನ ದೇಶವನ್ನು ಯಾವಾಗ ಬಿಟ್ಟಿತು? ಇದಕ್ಕೆ ಇಂಥ ವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದದ ವರ್ಷ 1970 ಅನ್ನು ಅನೇಕ ಮ್ಯೂಸಿಯಂಗಳು ಗಡಿಯಾಗಿ ಇಟ್ಟುಕೊಂಡಿವೆ. ಖಾಲಿ ಜಾಗ ಕಂಡ ಕೂಡಲೇ ಕಳ್ಳಮಾಲು ಅನ್ನಬೇಡಿ, ಕಾಗದ ಸಿಗದೆಯೂ ಇರಬಹುದು. ಆದರೆ ಆ ಬಗ್ಗೆ ಏನೂ ಹೇಳದೆ ದಾಟಿಹೋಗುವ ಪುಟವನ್ನು, "ಈ ಅವಧಿಯ ಮಾಹಿತಿ ಸಿಕ್ಕಿಲ್ಲ" ಅಂತ ಬರೆದ ಪುಟಕ್ಕಿಂತ ಕಡಿಮೆ ನಂಬಿ.

ಈ ಕೆಲಸ ಹೇಗಿರಬೇಕು ಅಂತ ನೋಡಲು ಡಿಜಿಟಲ್ ಬೆನಿನ್ ತೆರೆಯಿರಿ. 1897ರಲ್ಲಿ ಬ್ರಿಟಿಷ್ ಪಡೆ ಈಗಿನ ನೈಜೀರಿಯದಲ್ಲಿದ್ದ ಬೆನಿನ್ ರಾಜ್ಯದಿಂದ ಲೂಟಿ ಮಾಡಿ ಚದುರಿಸಿದ ವಸ್ತುಗಳ ದಾಖಲೆ ಅದು. 2022ರ ನವೆಂಬರಿನಲ್ಲಿ ತೆರೆದಾಗ 20 ದೇಶಗಳ 131 ಸಂಸ್ಥೆಗಳಲ್ಲಿದ್ದ 5,000ಕ್ಕೂ ಹೆಚ್ಚು ವಸ್ತುಗಳು ಒಂದೇ ಕಡೆ ಕಂಡವು. ವಸ್ತುಗಳನ್ನು ಅಲ್ಲಿನ ಜನರ ಎಡೊ ಭಾಷೆಯ ಹೆಸರುಗಳಲ್ಲೂ ಹುಡುಕಬಹುದು.

7. ಏನು ಇಲ್ಲ ಅನ್ನುವುದನ್ನು ಮರೆಯಬೇಡಿ

ಆನ್‌ಲೈನ್‌ನಲ್ಲಿ ಇರುವುದು ಸಂಗ್ರಹದ ಒಂದು ಭಾಗ. ಬ್ರಿಟಿಷ್ ಮ್ಯೂಸಿಯಂನಲ್ಲಿ ಕಡಿಮೆಯೆಂದರೂ 80 ಲಕ್ಷ ವಸ್ತುಗಳಿವೆ. ತನ್ನ ಸಂಗ್ರಹದಿಂದ ವಸ್ತುಗಳು ಕಳುವಾದದ್ದು 2023ರಲ್ಲಿ ಬಯಲಾದ ಮೇಲೆ, ಬಾಕಿ ಉಳಿದದ್ದನ್ನೂ ಐದು ವರ್ಷದಲ್ಲಿ ಡಿಜಿಟಲ್ ಮಾಡುತ್ತೇವೆ ಅಂತ ಅದು ಹೇಳಿತು. ಹಾಗಾಗಿ "ಹುಡುಕಿದೆ, ಸಿಗಲಿಲ್ಲ" ಅನ್ನುವುದರಿಂದ "ಇಲ್ಲ" ಅನ್ನುವ ತೀರ್ಮಾನಕ್ಕೆ ಬರಬೇಡಿ. "ಈ ಕಲಾವಿದೆಯ ಕೃತಿಗಳು ಇಷ್ಟೇ" ಅಂತ ಎಣಿಸಿ ಬರೆಯುವವರಂತೂ ತುಂಬ ಜಾಗ್ರತೆ ವಹಿಸಬೇಕು.

ಹೆಸರಿನ ಕಾಗುಣಿತ ಬದಲಿಸಿ ಹುಡುಕಿ. ಕಲಾವಿದರ ಹೆಸರಿನ ಬೇರೆ ಬೇರೆ ರೂಪಗಳಿಗೆ ಅಮೆರಿಕದ ಗೆಟ್ಟಿ ಸಂಸ್ಥೆಯ ಯೂಲಾನ್ (ULAN) ಪಟ್ಟಿ, ವಸ್ತು ಮತ್ತು ತಂತ್ರಗಳ ಹೆಸರಿಗೆ ಅದರದೇ ಎಎಟಿ (AAT) ಪಟ್ಟಿ ಉಚಿತವಾಗಿ ಸಿಗುತ್ತವೆ. ಡೇಟಾ ಇಳಿಸಿಕೊಂಡು ಲೆಕ್ಕ ಹಾಕುವವರು ಅದು ಯಾವ ವರ್ಷದ್ದು ಅಂತ ಮೊದಲು ನೋಡಿ. ಲಂಡನ್ನಿನ ಟೇಟ್ ಮ್ಯೂಸಿಯಂ ಗಿಟ್‌ಹಬ್‌ನಲ್ಲಿ ಇಟ್ಟ ಡೇಟಾ ಈಗಲೂ ಸಿಗುತ್ತದೆ, ಆದರೆ 2014ರ ನಂತರ ಅದನ್ನು ಹೊಸದು ಮಾಡಿಲ್ಲ.

8. ನಾಳೆಗೂ ಸಿಗುವಂತೆ ಬರೆದಿಡಿ

2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ದೊಡ್ಡ ಸಂಸ್ಥೆ ಅಂತ ಕೈಕಟ್ಟಿ ಕೂರುವ ಹಾಗಿಲ್ಲ.

ಬ್ರೌಸರಿನ ಮೇಲಿನ ವಿಳಾಸ ನಕಲು ಮಾಡುವ ಬದಲು ಪುಟದಲ್ಲಿ ಶಾಶ್ವತ ಕೊಂಡಿ ಇದೆಯಾ ನೋಡಿ. ಡಿಒಐ, ಆರ್ಕ್, ಹ್ಯಾಂಡಲ್ ಅಂತ ಇರುತ್ತವೆ. ತಾಣದ ವಿನ್ಯಾಸ ಬದಲಾದರೂ ಇವು ಕೆಲಸ ಮಾಡುವಂತೆ ಸಂಸ್ಥೆ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ವೆಬ್ ಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಪುಟವನ್ನು ಉಳಿಸಿ. ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ಕೃತಿಗೊಂದು ಸಾಲು ಬರೆಯಿರಿ: ಸಂಸ್ಥೆ, ಆಕ್ಸೆಷನ್ ನಂಬರ್, ಶಾಶ್ವತ ಕೊಂಡಿ, ಲೈಸೆನ್ಸ್, ನೋಡಿದ ದಿನ, ಪಿಕ್ಸೆಲ್ ಅಳತೆ, ಕ್ರೆಡಿಟ್ ಸಾಲು. ಲೈಸೆನ್ಸ್ ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಿ. ಸಿಸಿ ಝೀರೊಗೆ ಹೆಸರು ಹಾಕುವ ಕಡ್ಡಾಯ ಇಲ್ಲದಿದ್ದರೂ ಹಾಕಿ. ಓದುಗರಿಗೆ ಮೂಲಕ್ಕೆ ಹೋಗಲು ದಾರಿ ಬೇಕಲ್ವಾ?

ನೀವು ಮ್ಯೂಸಿಯಂ ಒಳಗಿನವರಾಗಿದ್ದು ನಿಮ್ಮದೇ ಸಂಗ್ರಹವನ್ನು ತೆರೆಯುವ ಯೋಚನೆಯಲ್ಲಿದ್ದರೆ ಇದೇ ಎಂಟು ಹಂತಗಳನ್ನು ನಿಮ್ಮ ಒಂದು ಪುಟದ ಮೇಲೆ ಪ್ರಯೋಗಿಸಿ. ಹೊರಗಿನ ಓದುಗರೊಬ್ಬರನ್ನು ಕೂರಿಸಿ, ಲೈಸೆನ್ಸ್ ಎಲ್ಲಿದೆ ತೋರಿಸಿ ಅನ್ನಿ. ಅವರು ಹುಡುಕಾಡಿದರೆ ಅದನ್ನು ಚಿತ್ರದ ಪಕ್ಕಕ್ಕೆ ತನ್ನಿ. ಎಲ್ಲ ಸಿದ್ಧವಾದ ಮೇಲೆ ಬಿಡೋಣ ಅಂತ ಕಾಯಬೇಡಿ. ಅರ್ಧ ತುಂಬಿದ ದಾಖಲೆಯಾದರೂ, ಅರ್ಧವೇ ತುಂಬಿದೆ ಅಂತ ಅದರಲ್ಲಿ ಬರೆದಿದ್ದರೆ, ಸಂಶೋಧಕರಿಗೆ ಉಪಯೋಗಕ್ಕೆ ಬರುತ್ತದೆ.

ಓದುತ್ತಾ ತಪ್ಪು ಕಂಡರೆ ಸುಮ್ಮನಿರಬೇಡಿ, ಮ್ಯೂಸಿಯಂಗೆ ಬರೆಯಿರಿ. ಬಹಳಷ್ಟು ದಾಖಲೆ ಪುಟಗಳಲ್ಲೇ ಅದಕ್ಕೊಂದು ಕೊಂಡಿ ಇರುತ್ತದೆ. ಪತ್ರ ಚಿಕ್ಕದಿರಲಿ: ಆಕ್ಸೆಷನ್ ನಂಬರ್, ಪುಟದ ಕೊಂಡಿ, ಈಗ ಏನು ಬರೆದಿದೆ, ಏನಾಗಬೇಕು, ನಿಮ್ಮ ಆಧಾರ ಯಾವ ಪುಸ್ತಕದ ಎಷ್ಟನೇ ಪುಟ. ಉತ್ತರ ತಡವಾಗಿ ಬರಬಹುದು. ಅಲ್ಲಿಯವರೆಗೆ ನಿಮ್ಮ ಬರಹದಲ್ಲಿ ಮ್ಯೂಸಿಯಂ ಹೇಳಿದ್ದನ್ನೂ ನಿಮ್ಮ ತಿದ್ದುಪಡಿಯನ್ನೂ ಬೇರೆ ಬೇರೆಯಾಗಿ ಕೊಡಿ.